ಕೆಮ್ಮದ ಸ್ವರ

ಮೂವತ್ತೊಂದು ವರ್ಷ ಈ ರಸ್ತೆಯಲ್ಲಿ ಕೂಗಿದ್ದೇನೆ,
ಉಪ್ಪಳದಿಂದ ಕಡಲಬದಿಯವರೆಗೆ,
ಅಂದುಂಞಿಯ ರಿಕ್ಷಾದ ಹಿಂದಿನ ಸೀಟಿನಲ್ಲಿ
ಬ್ಯಾಟರಿ ಕಾಲಡಿಗಿಟ್ಟು, ಮೈಕು ತುಟಿಗೆ ಹಚ್ಚಿ.
ಕನ್ನಡ, ಮಲಯಾಳ, ತುಳು, ಬ್ಯಾರಿ,
ಮರಾಟಿಯ ಎರಡು ವಾಕ್ಯ, ಅದೂ ದಾಕ್ಷಿಣ್ಯಕ್ಕೆ.
ಮಲಯಾಳ ಓದಲು ಬಾರದು ನನಗೆ;
ಬೀಡಿ ಲೇಬಲ್ಲಿನ ಬೆನ್ನಲ್ಲಿ
ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕೂಗುತ್ತಿದ್ದೆ.
ಮೂರೂ ಪಕ್ಷದವರು ಕರೆದಿದ್ದಾರೆ. ಮೂವರಿಗೂ ಹೋಗಿದ್ದೇನೆ.
ಬೆಳಿಗ್ಗೆ ಇವರನ್ನು ಗೆಲ್ಲಿಸಿ, ಸಂಜೆ ಅವರನ್ನು ಗೆಲ್ಲಿಸಿ,
ರಾತ್ರಿ ಉಪ್ಪುನೀರಲ್ಲಿ ಗಂಟಲು ತೊಳೆದು ಮಲಗುತ್ತಿದ್ದೆ.

ಪಂಚಾಯತು ಓಟಿನ ದಿನ, ಬೆಳಿಗ್ಗೆ ಏಳಕ್ಕೆ
ನನ್ನ ಸ್ವರ ನನ್ನ ಫೋನಿಗೇ ಬಂತು:
"ಹೊಳೆಬದಿ ಶಾಲೆಯ ಮಿಷನ್ನು ಕೆಟ್ಟಿದೆ.
ಮತದಾನ ನಾಳೆಗೆ. ಬಾಂಧವರೇ, ಇವತ್ತು ಬರಬೇಡಿ."
ಕನ್ನಡದಲ್ಲೊಮ್ಮೆ. ತುಳುವಿನಲ್ಲೊಮ್ಮೆ.
ಆಣೆ ಮಾಡಿ ಹೇಳುತ್ತೇನೆ, ಅರೆಗಳಿಗೆ
ಯಾವಾಗ ಹೇಳಿದೆನಪ್ಪಾ ಇದನ್ನು, ಎಂದು ನಾನೇ ಯೋಚಿಸಿದೆ.
ಅದೇ ಎಳೆತ. "ಬಾಂಧವರೇ" ಎಂಬಲ್ಲಿ ಅದೇ ಇಳಿತ.
ಆದರೆ ರೈಲ್ವೇ ಗೇಟಿನ ಬಳಿ ನಾನು ನಿಲ್ಲಿಸುವ ನಿಲುಗಡೆ ಇಲ್ಲ,
ಮಸೀದಿಯ ಎದುರು, ಭಜನಾಮಂದಿರದ ಎದುರು ತಗ್ಗಿಸುವ ತಗ್ಗು ಇಲ್ಲ.
ಕೆಮ್ಮು ಇಲ್ಲ.
ನಲುವತ್ತು ಸೆಕೆಂಡು ಒಂದೇ ಉಸಿರು;
ಅಷ್ಟು ಉಸಿರು ನನಗೆ ಮದುವೆಯ ಪ್ರಾಯದಲ್ಲೂ ಇರಲಿಲ್ಲ.

"ಅದು ನಾನಲ್ಲ, ಇದು ನಾನು" ಎಂದು ಹೇಳಿ ಕಳಿಸಿದೆ.
ಏಳೂವರೆಗೆ ಗ್ರೂಪಿನಿಂದ ತೆಗೆದರು.
ಎಂಟಕ್ಕೆ ನಂಬರೇ ಸತ್ತಿತು: ನಿಮ್ಮ ವಿರುದ್ಧ ದೂರುಗಳು ಬಂದಿವೆ.
ರಿಕ್ಷಾ ತೆಗಿ, ಕೂಗಿಯೇ ಹೇಳುತ್ತೇನೆ ಎಂದರೆ
ಅಂದುಂಞಿ ನನ್ನ ಮುಖ ನೋಡಿದ:
"ಓಟಿನ ದಿನ ಮೈಕು ಹಾಕಬಾರದಲ್ಲ, ಐತಪ್ಪಣ್ಣ."
ನಡೆದು ಹೊರಟೆ. ಸೇತುವೆ ದಾಟುವ ಮೊದಲು ಜೀಪು ಬಂತು.

ಫೋನನ್ನು ಕಾಗದದ ಲಕೋಟೆಗೆ ಹಾಕಿ ಅರಗು ಒತ್ತಿದರು.
ಸ್ವರ ನಿನ್ನದಲ್ಲವೋ? ನನ್ನದೇ ಸಾರ್.
ಹಾಗಾದರೆ ಹೇಳಿದ್ದು? ನಾನಲ್ಲ.
ಎರಡನ್ನೂ ಒಟ್ಟಿಗೆ ಬರೆಯಲು ಕಾಲಂ ಇರಲಿಲ್ಲ.
ಕೆಮ್ಮಿನ ಸಂಗತಿ ಹೇಳಿದೆ.
ಸಣ್ಣ ಪ್ರಾಯದ ಪೊಲೀಸ, ಪಾಪ, ಒಳ್ಳೆಯವನೇ,
"ಮುಂದಿನ ಸಲ ಕೆಮ್ಮುತ್ತದೆ, ಬಿಡಿ" ಅಂದ.
ಹೇಳಿಕೆಯನ್ನು ಮಲಯಾಳದಲ್ಲಿ ಬರೆದು, ಓದಿ ಹೇಳಿ, ಸಹಿ ಕೇಳಿದರು.
ಓದಿದ್ದು ಸರಿಯಿತ್ತು. ಬರೆದದ್ದು?
ಉರುಟುರುಟು ಅಕ್ಷರಗಳನ್ನು ತುಂಬ ಹೊತ್ತು ನೋಡಿದೆ.
ನನ್ನ ಬಾಯಲ್ಲಿ ಮೂವತ್ತೊಂದು ವರ್ಷ ಬಾಡಿಗೆಗಿದ್ದ ಭಾಷೆ,
ಕಾಗದದಲ್ಲಿ ಗುರುತು ಹಿಡಿಯಲಿಲ್ಲ.
ಕನ್ನಡದಲ್ಲಿ ಸಹಿ ಹಾಕಿದೆ.

ಬೀಡಿ ಬ್ರಾಂಚಿನ ಹತ್ತೊಂಬತ್ತು ಹೆಂಗಸರು ಎದ್ದೇ ಇರಲಿಲ್ಲ.
ಐತಪ್ಪಣ್ಣ ಹೇಳಿದ ಮೇಲೆ ಇನ್ನೆಂತ?
ಸಂಜೆಗೆ, ಎಂದಿಗಿಂತ ಇನ್ನೂರು ಬೀಡಿ ಹೆಚ್ಚೇ ಕಟ್ಟಿದ್ದರಂತೆ.
ಅವರಲ್ಲಿ ಮೂವರು ಮರುದಿನ
ಇಸ್ತ್ರಿ ಸೀರೆ ಉಟ್ಟು, ಗುರುತುಚೀಟಿ ಹಿಡಿದು ಶಾಲೆಗೆ ಹೋದರು.
ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದವು.

ಯಾರು ಗೆದ್ದರೆಂದು ನನ್ನನ್ನು ಕೇಳಬೇಡಿ.

ಬಾಗಿಯಕ್ಕನ ಜಗಲಿಗೆ ಹೋದಾಗ
ಅದೇ ಸೀರೆಯಲ್ಲಿ ಕೂತಿದ್ದಳು, ಮಡಿಲಲ್ಲಿ ಮೊರ,
ಬೆರಳ ತುದಿಯಲ್ಲಿ ಮಸಿ ಇಲ್ಲ, ಹೊಗೆಸೊಪ್ಪಿನ ಕಂದು.
ಎಲ್ಲ ಹೇಳಿದೆ. ಮೈಕಿಲ್ಲದೆ ಹೇಳಿ ರೂಢಿಯಿಲ್ಲ,
ಕೈ ಸುಮ್ಮನೆ ಬಾಯಿಯ ಹತ್ತಿರ ಹೋಗುತ್ತಿತ್ತು.
ಅವಳು ಎಲೆ ಸುರುಳಿ ಸುತ್ತಿದಳು, ನೂಲು ಬಿಗಿದಳು,
ತಲೆಯೆತ್ತಲಿಲ್ಲ.
"ಸ್ವರ ನಿನ್ನದೇ ಮಾರಾಯ," ಅಂದಳು,
"ನೀನು ಯಾರದ್ದು?"

ಮೊರದ ಧೂಳು ಗಂಟಲಿಗೆ ಹೋಗಿ
ಕೆಮ್ಮು ಬಂತು. ನಿಲ್ಲಲೇ ಇಲ್ಲ.
ಬಾಗಿಯಕ್ಕ ಎದ್ದು ಒಳಗೆ ನಡೆದಳು,
ನೀರು ತರಲಿಕ್ಕೋ
ಬಾಗಿಲು ಹಾಕಲಿಕ್ಕೋ.