ನಾಲ್ಕು ಹತ್ತು, ಕೊಠಡಿ ೨೦೭

ಬಿ.ಎಂ. ರಸ್ತೆಯ ಲಾಡ್ಜಿನ ಮೆಟ್ಟಿಲ ಕೆಳಗೆ,
ಜವರಯ್ಯ ಸುತ್ತಿಟ್ಟ ಚಾಪೆಯ ನೆತ್ತಿಯ ಮೇಲೆ
ಒಂದು ಬಿಳಿ ಡಬ್ಬ.
ಇಪ್ಪತ್ನಾಲ್ಕು ಕೋಣೆಗಳ ಬಾಯಿ ಅದರೊಳಗೆ
ಜೋಡಿ ಜೋಡಿ ತಂತಿಯಾಗಿ ಹೆಣೆದುಕೊಂಡಿದೆ:
ನೀಲಿಗೆ ಬಿಳಿ ಗಂಡ, ಕಿತ್ತಳೆಗೂ ಅವನೇ,
ಹಸಿರಿಗೂ ಅವನೇ. ನಾನು ಕೇಳಲು ಹೋಗುವುದಿಲ್ಲ.

ಹಾಸನಾಂಬೆಯ ಬಾಗಿಲು ತೆರೆದು ಜನ ತುಂಬುವ ಮೊದಲು ಮುಗಿಸು
ಎಂದಿದ್ದರು ಧರಣೇಂದ್ರಯ್ಯ, ಹೋದ ವರ್ಷ.
ರಿಸೆಪ್ಷನ್ ಫೋನಿನ ಮುಂದೆ ಕೂತೆ. ಹನ್ನೆರಡೇ ಗುಂಡಿ.
ನಕ್ಷತ್ರ ಒತ್ತಿದರೆ ಮಾತು ಶುರು,
ಹ್ಯಾಶ್ ಒತ್ತಿದರೆ ಪೂರ್ಣವಿರಾಮ.
ಒಪ್ಪಿದರೆ ಒಂದೇ ಸಲ ಪೀಂ ಎನ್ನುತ್ತದೆ,
ಒಪ್ಪದಿದ್ದರೆ ಪೀಪೀಪೀ,
ಮಗ್ಗಿ ತಪ್ಪಿದವನ ಮೇಲೆ ಮೇಷ್ಟ್ರು ಎಗರಿದ ಹಾಗೆ.

ಒಂಬತ್ತು, ಅಡುಗೆಮನೆ.
ಎಂಟು, ಬಿಸಿನೀರು; ಅಂದರೆ ಜವರಯ್ಯ.
ಏಳು, ಇಸ್ತ್ರಿ; ಅದೂ ಜವರಯ್ಯ.
ಆರಕ್ಕೆ ಏನೂ ಇರಲಿಲ್ಲ.
ಖಾಲಿ ಬಿಟ್ಟರೆ ಜನ ಒತ್ತಿಯೇ ಒತ್ತುತ್ತಾರೆಂದು
ಅದನ್ನೂ ಅವನ ತಲೆಗೇ ಕಟ್ಟಿದೆ.

ಮೊನ್ನೆ ಭಾನುರೇಖಾ ಫೋನು:
"ಇನ್ನೂರ ಏಳರಲ್ಲಿ ದೆವ್ವ ಇದೆಯಂತೆ ಪಾಷಣ್ಣ.
ದಿನಾ ಬೆಳಗಿನ ಜಾವ ನಾಲ್ಕು ಹತ್ತಕ್ಕೆ ಬಾರಿಸುತ್ತೆ.
ಎತ್ತಿದರೆ ಯಾರೂ ಇಲ್ಲ, ಬರೀ ಸಂಗೀತ."
ದೂರಿನ ಪುಸ್ತಕ ಮುಂದಿಟ್ಟಳು.
ಜಲಂಧರಿನ ಆಲೂಗಡ್ಡೆ ಬೀಜದ ಏಜೆಂಟ್ ಇಂಗ್ಲಿಷಿನಲ್ಲಿ ಶುರುಮಾಡಿ
ಸಿಟ್ಟು ಸಾಲದೆ ಪಂಜಾಬಿಗೆ ಹೊರಳಿದ್ದಾನೆ.
ಬೇಲೂರು ನೋಡಲು ಬಂದ ಹೊಸ ಜೋಡಿ: "ರೂಮು ಬದಲಿಸಿ."
ಅದರ ಕೆಳಗೆ ಅರಕಲಗೂಡಿನ ಒಬ್ಬಾಕೆ, ದುಂಡಗಿನ ಅಕ್ಷರ:
"ಅಮ್ಮನ್ನ ದೊಡ್ಡಾಸ್ಪತ್ರೆಗೆ ಸೇರಿಸಿದ್ದೆ.
ಫೋನ್ ಬಂದಾಗ ಅಲ್ಲಿಂದಲೇ ಅಂದುಕೊಂಡೆ. ಕೈಕಾಲು ಬಿದ್ದುಹೋಯಿತು.
ಅಮ್ಮ ಹುಷಾರಾಗಿದ್ದಾಳೆ. ಆದರೂ ಹೀಗೆ ಮಾಡಬೇಡಿ."

ಅಲಾರಂ ಪಟ್ಟಿ ತೆಗೆಸಿದೆ.
೨೦೭. ಪ್ರತಿದಿನ. ೦೪೧೦.
ಇಟ್ಟ ದಿನ ನೋಡಿದೆ. ನಾನು ಬಂದ ದಿನ.

ಅವತ್ತು ಗೋಡೆ ಗಡಿಯಾರ ನಾಲ್ಕು ಎಂಟು ತೋರಿಸುತ್ತಿತ್ತು, ಸಂಜೆ.
ಬಾರಿಸುತ್ತದೋ ನೋಡೋಣವೆಂದು ಎರಡು ನಿಮಿಷ ಮುಂದಿಟ್ಟೆ.
ಹದಿನಾರು ಹತ್ತು ಎನ್ನಬೇಕಿತ್ತು, ನಾಲ್ಕು ಹತ್ತು ಎಂದೆ.
'ಒಮ್ಮೆ' ಎನ್ನಬೇಕಾದಲ್ಲಿ 'ಪ್ರತಿದಿನ' ಎಂದೆ.
ಪೀಂ ಎಂದಿತು.
ಬಾರಿಸಲಿಲ್ಲ. ತಂತಿ ಸಡಿಲ ಎಂದುಕೊಂಡು
ಇದ್ದಬದ್ದ ಸ್ಕ್ರೂ ಬಿಗಿದು, ಟೀ ಕುಡಿದು,
ಬಿಲ್ಲು ಬರೆದು ಹೊರಟುಹೋದೆ.
ಅದು ಹನ್ನೆರಡು ಗಂಟೆ ಕಾದು
ನಾನು ಹೇಳಿದ್ದನ್ನೇ ಮಾಡಿತು. ಇವತ್ತಿನವರೆಗೂ.

ಅಳಿಸಲು ನಕ್ಷತ್ರ ಒತ್ತಿದ್ದೆ.
ಹಿಂದೆ ಬಕೆಟ್ಟಿನ ಸದ್ದು. "ತೆಗುದ್ಬುಡ್ತೀರಾ ಸಾಮಿ?
ಅದು ಬಡ್ಕೊಂಡಾಗ್ಲೇ ನಾನು ಏಳಾದು.
ಎದ್ದು ಹಂಡೆ ಒಲೆಗೆ ಸೌದೆ ಇಕ್ತೀನಿ, ಐದಕ್ಕೆ ನೀರು ಕಾದಿರ್ತದೆ.
ಯಜಮಾನ್ರು ಬೈದು ವರ್ಸ ಆಯ್ತು."
ಮೊಬೈಲಿಗೆ ಇಟ್ಟುಕೊಡಲೇ ಎಂದೆ.
"ಅದ್ನ ಒತ್ತುದ್ರೆ ಸುಮ್ಕಾಯ್ತದೆ, ನಾನೂ ಸುಮ್ಕಾಯ್ತೀನಿ.
ಇದಾದ್ರೆ ಬ್ಯಾರೆಯೋರ ನಿದ್ದೆ ಕೆಡ್ಸ್ತದಲ್ಲ,
ಓಡೋಗಿ ಹತ್ತ್‌ಬೇಕು ಅನ್ನುಸ್ತದೆ."

ಪೀಪೀಪೀ. ನಾನು ತಡಮಾಡಿದ್ದಕ್ಕೆ ಗದರಿತು.

ಮನೆಯಿಂದ ಹಳೆಯ ಕೆಂಪು ಫೋನೊಂದು ತಂದು
ಚಾಪೆಯ ತಲೆದೆಸೆಗೆ ಮೊಳೆ ಹೊಡೆದೆ.
೨೦೭ ಅಳಿಸಿ, ೨೨೫ ಬರೆದೆ. ಪ್ರತಿದಿನ. ೦೪೧೦.
ಈ ಸಲ ಗೊತ್ತಿದ್ದೇ ಒತ್ತಿದೆ.
ಗಂಟೆಯ ಸದ್ದು ಎಷ್ಟಿರಲಿ ಎಂದರೆ,
ಮೇಲಿನವರಿಗೆ ಸ್ವಲ್ಪ ಕೇಳಲಿ ಎಂದ ಜವರಯ್ಯ, ಗೋಡೆ ನೋಡುತ್ತ.

ದೂರಿನ ಪುಸ್ತಕದ ಷರಾ ಕಾಲಮ್ಮಿನಲ್ಲಿ
ದುಂಡಗಿನ ಅಕ್ಷರದ ಎದುರು
'ತಪ್ಪಾಯಿತು' ಎಂದು ಬರೆಯಹೊರಟ ಪೆನ್ನು
'ಸರಿಯಾಗಿದೆ' ಎಂದು ಬರೆಯಿತು. ಅ. ಪಾಷಾ.

ಧರಣೇಂದ್ರಯ್ಯ ಬಿಲ್ಲು ನೋಡಿ ಕನ್ನಡಕ ಏರಿಸಿದರು.
"ಏನು ಕೆಟ್ಟಿತ್ತು?"
"ಬೆಳಗಿನ ಜಾವ ಎರಡನೇ ಮಹಡೀಲಿತ್ತು ಸಾರ್,
ಕೆಳಗಿಳಿಸಿದೀನಿ."
ಮುನ್ನೂರೈವತ್ತರಲ್ಲಿ ಐವತ್ತು ಹಿಡಿದುಕೊಂಡರು.
ಯಾಕೆಂದು ಅವರೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.