ಟವೆಲ್ಲು

ಅಜ್ಮಾನಿನ ಗೋದಾಮುಗಳ ಹಿಂದೆ ಸಿಮೆಂಟಿನ ಪಿಚ್ಚು, ಸುತ್ತ ಮರಳು.
ಶುಕ್ರವಾರ ರಾತ್ರಿ ನಾನು ಅಂಪೈರು;
ಉಳಿದ ದಿನ ಲಾಂಡ್ರಿಯಲ್ಲಿ ಕಂದೂರಗಳ ಸುಕ್ಕು ಬಿಡಿಸುವವನು.

ಓವರಿಗೆ ಮುನ್ನ ಥ್ರೆಲ್‌ಫಾಲ್ ಟೋಪಿ ಕೊಡುತ್ತಾನೆ ಕೈಗೆ,
ತುಂಬಿದ ಲೋಟ ದಾಟಿಸುವಷ್ಟು ಜೋಪಾನವಾಗಿ.
ಐವತ್ತೆಂಟು ವಯಸ್ಸು. ಯಾವುದೋ ಕೌಂಟಿಗೆ
ಹದಿನೇಳು ಬೇಸಿಗೆ ಎಡಗೈ ಸ್ಪಿನ್ನು,
ಇಂಗ್ಲೆಂಡಿಗೆ ಒಂದೇ ಟೆಸ್ಟು.
"ನಾಲ್ಕು ದಿನ ಮಳೆ. ಐದನೇ ದಿನ ಆರು ಓವರು.
ಒಂದು ಕ್ಯಾಚು, ಸ್ಲಿಪ್ಪಿನಲ್ಲಿ ಬಿಟ್ಟರು"
ಅಂದಿದ್ದ ಒಮ್ಮೆ, ಕರಕ್ ಚಹಾ ಊದುತ್ತ.
ಬಿಟ್ಟವರು ಯಾರೆಂದು ನಾನು ಕೇಳಲಿಲ್ಲ.

ಸೆಪ್ಟೆಂಬರು. ಹತ್ತು ಹೊಡೆದರೆ ಕಡಲ ಕಡೆಯಿಂದ ಇಬ್ಬನಿ,
ಚೆಂಡು ಸೋಪಿನ ಬಿಲ್ಲೆ.
ಕ್ರೇನ್ ಓಡಿಸುವ ಜರ್ದಾದ್ ಖಾನ್
ಎರಡು ಸಲ ಎತ್ತಿದ, ನಿಂತ ಲಾರಿಗಳಾಚೆ.
ನನ್ನ ಸೊಂಟದ ಟವೆಲ್ಲಿಗೆ ಒರೆಸಿ ಒರೆಸಿ
ಥ್ರೆಲ್‌ಫಾಲ್ ತೋರುಬೆರಳು ತೋರಿಸಿದ:
ಜಡ್ಡು ಒಡೆದು ರಕ್ತ.
ನಾನು ನನ್ನದು ತೋರಿಸಿದೆ:
ಇಸ್ತ್ರಿ ಸುಟ್ಟ ಜಾಗ, ಅದೇ ಗೆಣ್ಣು.

ಮುಂದಿನದನ್ನು ಇನ್ನೂ ಎತ್ತರಕ್ಕೆ ಬಿಟ್ಟ, ಹುಚ್ಚ.
ದೀಪದ ಹುಳುಗಳ ನಡುವೆ ಚೆಂಡು
ಇಳಿಯಲೋ ಬೇಡವೋ ಅಂದಿತು ಒಂದು ಗಳಿಗೆ,
ಇಳಿದು,
ಜರ್ದಾದನ ಪ್ಯಾಡಿಗೆ, ಮಧ್ಯದ ಕಡ್ಡಿಯ ನೇರಕ್ಕೆ.
ಔಟೇ.
ಥ್ರೆಲ್‌ಫಾಲ್ ತಿರುಗಿ ನೋಡಿದ. ಕೂಗಲಿಲ್ಲ.
ಕೀಪರು ಕೆಮ್ಮುತ್ತಿದ್ದ.
ಕೇಳದೆ ಕೊಡುವಂತಿಲ್ಲ, ನಿಯಮ;
ಸುಟ್ಟ ಬೆರಳು ಅವನ ಟೋಪಿಯೊಳಗೇ ಉಳಿಯಿತು.

ರಾತ್ರಿ ಟವೆಲ್ಲು ನೆನೆಹಾಕಿದೆ.
ರಕ್ತದ ಕಲೆಗೆ ತಣ್ಣೀರೇ ಆಗಬೇಕು,
ಬಿಸಿ ತಾಗಿದರೆ ಕೂತುಬಿಡುತ್ತದೆ.
ಇಲ್ಲಿ ನಡುರಾತ್ರಿಯಲ್ಲೂ
ನಲ್ಲಿಯ ನೀರು ಬಿಸಿ.