ಎರಡಂಕಿಯ ಊರು

ಮೂಡಿಗೆರೆ ಆಗ ಅರವತ್ತೆಂಟು ನಂಬರಿನ ಊರು.
ಹಲಗೆಯ ಮೇಲೆ ಸಾಲು ಸಾಲು ತೂತು,
ತೂತಿಗೊಂದು ಹಿತ್ತಾಳೆಯ ರೆಪ್ಪೆ.
ಯಾರೋ ಎಲ್ಲೋ ಹಿಡಿಕೆ ತಿರುವಿದರೆ
ಟಪ್ಪೆಂದು ರೆಪ್ಪೆ ಬಿದ್ದು
ಊರು ನನ್ನನ್ನು ನೋಡುತ್ತಿತ್ತು.

ಏಳು ಆಸ್ಪತ್ರೆ.
ಹತ್ತೊಂಬತ್ತು ಕಿತ್ತಳೆ ಮಂಡಿಯ ಮೊಯ್ದು ಬ್ಯಾರಿ,
ಮಾತಿಗಿಂತ ಮೊದಲು ಅವರ ಕೆಮ್ಮು ಬರುತ್ತಿತ್ತು.
ಇಪ್ಪತ್ನಾಲ್ಕು ಕುಂಬರಡಿ ತೋಟದ ರೈಟರು ಲೋಬೊ.
ದಿನಾ ಸಂಜೆ ಐದಕ್ಕೆ ಚಿಕ್ಕಮಗಳೂರಿನ ಧಣಿಗೆ
ಮಳೆಯ ಲೆಕ್ಕ ಒಪ್ಪಿಸುತ್ತಿದ್ದರು:
ಒಂದಿಂಚು ಹದಿನೆಂಟು ಸೆಂಟು, ಬರೀ ನಾಲ್ಕು ಸೆಂಟು.
ಧಣಿ ಸತ್ತ ಮೇಲೂ ಒಂದು ವಾರ
ಅದೇ ಹೊತ್ತಿಗೆ ಆ ರೆಪ್ಪೆ ಬಿತ್ತು.
ನಾನೇ ಕೇಳಿದೆ. ನಾನೇ ಬರೆದುಕೊಂಡೆ.

ಸಂತೆಗೆ ಹೋದರೆ ಮುಖಗಳೆಲ್ಲ ಅಪರಿಚಿತ.
ಬಾಯಿ ಬಿಟ್ಟರೆ ಸಾಕು,
ಓ, ಇವಳು ನಲವತ್ತೆರಡು,
ಗಂಡನ ಹತ್ತಿರ ಒಂದು ದನಿ, ತವರಿನ ಹತ್ತಿರ ಇನ್ನೊಂದು.
ಏನೂ ತಿಳಿಯದವಳ ಹಾಗೆ
ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದೆ.

ಕೇಳಿಸಿಕೊಳ್ಳಬಾರದು ಎಂದು ಗೋಡೆಗೆ ಅಂಟಿಸಿದ್ದರು.
ಕೇಳಿಸಿಕೊಳ್ಳುತ್ತಿದ್ದೆ.

ಎಪ್ಪತ್ತೊಂಬತ್ತರ ಮೇ, ಒಂದು ಗುರುವಾರ.
ಮೂವತ್ತಾರರಲ್ಲಿ ಮದುವೆ, ಸಾಮಿಲ್ಲಿನ ದ್ಯಾವೇಗೌಡರ ಮಗಳದು.
ವಾಲಗ ನನ್ನ ಕಿಟಕಿಗೇ ಕೇಳಿಸುತ್ತಿತ್ತು.
ಹನ್ನೊಂದೂ ಕಾಲಿಗೆ ಮಂಗಳೂರು:
ಮೂಡಿಗೆರೆ ಮೂವತ್ತಾರು, ಅರ್ಜೆಂಟು, ಆಸ್ಪತ್ರೆಯಿಂದ.
ಹುಡುಗಿಯ ಸೋದರಮಾವ ಅಲ್ಲಿದ್ದದ್ದು ಊರಿಗೆಲ್ಲ ಗೊತ್ತು.
ಉಳಿಯುತ್ತಾನೆ ಎಂದೂ ಊರೇ ತೀರ್ಮಾನಿಸಿತ್ತು.
ತಂತಿ ನನ್ನ ಕೈಯಲ್ಲಿತ್ತು,
ತೂತಿನಿಂದ ಒಂದು ಗೇಣು ದೂರ.
ಲೈನು ಕೆಟ್ಟಿದೆ, ಎಂದೆ.
ಮರ ಬಿದ್ದಿದೆ, ಎಂದೆ.

ಗಾಳಿಯೇ ಇಲ್ಲದ ಆ ಬಿಸಿಲಿನಲ್ಲಿ ನಾನು ಬೀಳಿಸಿದ ಮರ
ಎರಡು ಗಂಟೆ ರಸ್ತೆಗೆ ಅಡ್ಡ ಮಲಗಿತ್ತು.
ಧಾರೆ ಮುಗಿಯಿತು. ಕೊನೆಯ ಪಂಕ್ತಿ ಎದ್ದಿತು.
ಎಂಜಲೆಲೆ ಎತ್ತುವಷ್ಟು ಹೊತ್ತು ಲೆಕ್ಕ ಹಾಕಿ
ಸಿಕ್ಕಿಸಿದೆ.
ಆ ಮಾತುಗಳನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ.

ಅದು ದಯೆಯೋ ಸೊಕ್ಕೋ
ಇನ್ನೂ ಬಗೆಹರಿದಿಲ್ಲ.
ಯಾರದೋ ಮನೆಯ ಸಾವನ್ನು
ಎರಡು ಗಂಟೆ ಮಡಿಲಲ್ಲಿ ಇಟ್ಟುಕೊಳ್ಳಲು
ನನಗೆ ಸರ್ಕಾರ ಸಂಬಳ ಕೊಡುತ್ತಿರಲಿಲ್ಲ.

ಆಮೇಲೆ ನಂಬರಿಗೆ ಮೂರಂಕಿ ಬಂತು, ಐದು ಬಂತು,
ಮೂಲೆಮೂಲೆಗೆ ಹಳದಿ ಬೂತು ಬಂತು.
ಹಲಗೆಯನ್ನು ನಾಲ್ವರು ಹೊತ್ತು ಲಾರಿಗೆ ಹಾಕುವಾಗ
ಹಿತ್ತಾಳೆ ಎಷ್ಟು ಕೇಜಿ ಬರಬಹುದು ಎಂದು
ಗುಜರಿಯವನು ನನ್ನನ್ನೇ ಕೇಳಿದ.
ನನ್ನನ್ನು ಬಿಲ್ಲಿನ ಕೌಂಟರಿಗೆ ಹಾಕಿದರು.
ಅಲ್ಲಿ ಯಾರೂ ಹಲೋ ಎನ್ನುತ್ತಿರಲಿಲ್ಲ.

ಈಗ ಶನಿವಾರ ಬಂದರೆ
ರಸ್ತೆ ದಾಟಲು ಹತ್ತು ನಿಮಿಷ ಬೇಕು.
ಬೆಟ್ಟ ನೋಡುವವರ ಕಾರುಗಳು
ದಾರಿಯನ್ನು ಊರಿನವರಲ್ಲಿ ಕೇಳುವುದಿಲ್ಲ.
ಕುಂಬರಡಿ ಹೋಂಸ್ಟೇ ಆಗಿದೆ, ಈಜುಕೊಳವಿದೆಯಂತೆ.
ಲೋಬೊ ಅವರ ಮಳೆ ಅಳೆಯುವ ತಾಮ್ರದ ಡಬ್ಬಿಯಲ್ಲಿ
ಪ್ಲಾಸ್ಟಿಕ್ಕಿನ ಹೂವು ಇಟ್ಟಿದ್ದಾರೆ.
ಚೆಂದ ಕಾಣುತ್ತದೆ, ಸುಳ್ಳು ಯಾಕೆ ಹೇಳಲಿ.

ಎಕ್ಸ್‌ಚೇಂಜಿದ್ದ ಬಾಡಿಗೆ ಕೋಣೆಯಲ್ಲಿ
ಮೊಬೈಲಿಗೆ ಗಾಜು ಅಂಟಿಸುತ್ತಾರೆ.
ಹೋದ ತಿಂಗಳು ಅಲ್ಲಿ ನನಗಿಂತ ಮುಂದೆ
ತಲೆ ನರೆತ ಹೆಂಗಸೊಬ್ಬಳು.
"ನನ್ನ ನಂಬರು ನನಗೇ ಬಾಯಿಗೆ ಬರಲ್ಲ ಮಾರಾಯ"
ಎಂದು ನಕ್ಕಳು.
ನನ್ನೊಳಗೆ ಟಪ್ಪೆಂದು ರೆಪ್ಪೆ ಬಿತ್ತು.
ಮೂವತ್ತಾರು.
ಅಪ್ಪನದೇ ದನಿ, ಸ್ವಲ್ಪ ಸಣ್ಣಗೆ ಅರೆದದ್ದು.

ಒಟಿಪಿ ಬಂದಿದೆ ಹೇಳಿ, ಎಂದ ಹುಡುಗ.
ಅವಳು ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳು.
ಫೋನು ಇಸಿದುಕೊಂಡು ನಾನು ಓದಿದೆ,
ಒಂದೊಂದೇ ಅಂಕಿ, ನಡುವೆ ಉಸಿರಿನಷ್ಟು ಜಾಗ ಬಿಟ್ಟು,
ನಲವತ್ತು ವರ್ಷದಿಂದ ಎತ್ತಿಟ್ಟಿದ್ದ ದನಿಯಲ್ಲಿ.

ಅವಳು ತಿರುಗಿದಳು.
ನೋಡಿದ್ದು ಮುಖವನ್ನಲ್ಲ, ಬಾಯನ್ನು.
"ಎಕ್ಸ್‌ಚೇಂಜಾ?"
ಹೌದು, ಎಂದೆ.
ನಿಮ್ಮ ಮದುವೆಯ ದಿನ, ಎಂದು ಶುರು ಮಾಡಿದೆ.
ಹಿಂದೆ ಕ್ಯೂ ಇತ್ತು.